ಅಳಿಯನ ಭುಜ

"ಇನ್ನೊಂಚೂರು ಎಣ್ಣೆ ಹಚ್ಚಿ ಮಾವ," ಎಂದ ಅಳಿಯ. ಅವನ ಅರ್ಧ ಮೈ ಬಾಯ್ಲರಿನ ಒಳಗಿತ್ತು, ಇನ್ನರ್ಧ ಹೊರಗಿತ್ತು.

ಬಾಯ್ಲರಿನ ನೆತ್ತಿಯ ಮೇಲಿನ ಆ ಮೊಟ್ಟೆಯಾಕಾರದ ತೂತಿಗೆ ಕಾರ್ಖಾನೆಯಲ್ಲಿ ಎಲ್ಲರೂ ಬಾಯಿ ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಬೆಂಕಿ ಆರಿಸಿ, ನೀರು ಬಸಿದು, ಅದರೊಳಗೆ ಒಬ್ಬ ಇಳಿದು ಗೋಡೆಗೆ ಕಟ್ಟಿದ ಸುಣ್ಣದ ಹಕ್ಕಳೆಯನ್ನು ಉಳಿಯಿಂದ ಕೆರೆದು ತೆಗೆಯಬೇಕು. ಅಳಿಯನ ಕಾಲು ಹೋಯಿತು, ಸೊಂಟ ಸಲೀಸಾಗಿ ಹೋಯಿತು. ಎದೆ ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ.

"ಉಸಿರು ಬಿಡು."

"ಬಿಟ್ಟಿದೀನಿ."

"ಒಂದೇ ಕೈ ಎತ್ತು ನೋಡೋಣ."

ಅದೂ ಆಯಿತು. ಬೆನ್ನಿನ ತೊಗಲು ಸುಲಿಯಿತು, ಅಷ್ಟೇ.

ಮಾವ ತಮ್ಮ ಆಯಸ್ಸೆಲ್ಲ ಈ ಬಾಯಿಯಲ್ಲಿ ಇಳಿದು ಹತ್ತಿದವರು. ಧೂಳು ಕುಡಿದು ಕುಡಿದು ಎದೆಗೂಡು ಹಾಳಾಗಿ, "ಇನ್ನೊಮ್ಮೆ ಇಳಿದರೆ ನನ್ನ ಹತ್ತಿರ ಬರಬೇಡಿ" ಎಂದು ಡಾಕ್ಟರು ಗದರಿದ ಮೇಲೆ ಮಗಳಿಗೆ ಗಂಡು ಹುಡುಕಲು ಹೊರಟರು. ಬೇರೆಯವರು ಮನೆತನ ನೋಡಿದರೆ ಇವರು ಆ ಬಾಯಿಯಲ್ಲಿ ತೂರುವ ಭುಜ ನೋಡಿದರು. ಈ ನರಪೇತಲನನ್ನು ಕಣ್ಣಲ್ಲೇ ಅಳೆದು, ಹೆಣ್ಣನ್ನೂ ಕೆಲಸವನ್ನೂ ಒಟ್ಟಿಗೇ ಕೊಟ್ಟರು.

ಇದು ಅಳಿಯನಿಗೆ ಗೊತ್ತಾದದ್ದು ಮದುವೆಯಾದ ಮೇಲೆ, ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ, ಭಾವಮೈದನ ಬಾಯಿಂದ. "ನಮ್ಮಪ್ಪ ಅಳಿಯನ್ನ ತಂದಿಲ್ಲ ಕಣ್ರೋ, ಬಾಟಲಿ ತೊಳೆಯೋ ಬ್ರಷ್ ತಂದಿದಾರೆ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರು ನಗಲಿ ಬಿಡಿ, ಹೆಂಡತಿಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳಲ್ಲ, ಅದು ಅವನ ಕರುಳಿಗೆ ನಾಟಿತು.

ಮರುದಿನವೇ ಜಿಮ್ಮಿಗೆ ಸೇರಿದ. "ಎದೆ ಬರಲಿ, ತೋಳು ಬರಲಿ, ಹೊಟ್ಟೆ ಮಾತ್ರ ಬರಬಾರದು ಸಾರ್. ಹೊಟ್ಟೆ ಬಂದ್ರೆ ಹೊಟ್ಟೆಪಾಡೇ ಹೋಗುತ್ತೆ," ಎಂದು ಅಲ್ಲಿನ ಮೇಷ್ಟ್ರಿಗೆ ಕೈಮುಗಿದ. ಸಿಹಿ ಬಿಟ್ಟ, ಕರಿದದ್ದು ಬಿಟ್ಟ. ಬೇಯಿಸಿದ ಮೊಟ್ಟೆಯ ಬಿಳಿಯನ್ನಷ್ಟೇ ತಿಂದು ಹಳದಿಯನ್ನು ಮಾವನ ತಟ್ಟೆಗೆ ಹಾಕಿದ. ಸೊಂಟಕ್ಕೊಂದು ದಾರ ಕಟ್ಟಿಕೊಂಡು ದಿನಾ ಬೆಳಿಗ್ಗೆ ಅದರಲ್ಲಿ ಬೆರಳು ತೂರಿಸಿ ನೋಡುತ್ತಿದ್ದ. ದಾರ ಬಿಗಿಯಾಗಲಿಲ್ಲ. ಅಂಗಿಯ ಹೆಗಲು ಹೊಲಿಗೆ ಬಿಟ್ಟಾಗ ಹೆಂಡತಿ ಸೂಜಿದಾರ ತಂದು, ಅವನ ಮೈಮೇಲೇ ಇಟ್ಟು ಹೊಲಿದಳು. ಆ ದಿನ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾವನೂ ಸೊಂಟದ ದಾರ ನೋಡಿ ಸಮಾಧಾನಪಟ್ಟರು. ಆ ಕಾರ್ಖಾನೆಯಲ್ಲಿ ಬಾಯಿಗೆ ಸಿಕ್ಕಿಕೊಂಡು ಕೆಲಸ ಕಳೆದುಕೊಂಡವರೆಲ್ಲ ಹೊಟ್ಟೆ ಬಂದವರೇ. ಭುಜ ಬಂದವನನ್ನು ಯಾರೂ ಕಂಡಿರಲಿಲ್ಲ. ಅಲ್ಲಿನವರು ತಿನ್ನುವ ಊಟಕ್ಕೆ ಭುಜ ಎಲ್ಲಿಂದ ಬರಬೇಕು!

ಈಗ ಬಾಯ್ಲರಿನ ಕೆಳಗೆ ನಿಂತಿದ್ದ ಫೋರ್‌ಮನ್‌ಗೆ ತಾಳ್ಮೆ ಮುಗಿದಿತ್ತು. "ಏನೋ ಸೂಜಿ, ಒನಕೆ ಆಗಿದೀಯಲ್ಲೋ! ಸಂಜೆ ಒಳಗೆ ಕೆರೆದು ಮುಗಿಸ್ಬೇಕು. ಆಗಲ್ಲ ಅಂದ್ರೆ ಈಗಲೇ ಹೇಳು, ಇಳಿಯೋರು ಬೇಕಾದಷ್ಟು ಜನ ಇದಾರೆ. ಇಳಿದೋನಿಗೇ ಕೆಲಸ."

"ನಾಳೆ ಬೆಳಿಗ್ಗೆ ಇನ್ನೊಂದು ಸಲ..."

"ನಾಳೆ ಭುಜ ಕಳಚಿಟ್ಟು ಬರ್ತೀಯಾ?"

ಅಳಿಯ ಕೈಯೂರಿ ಮೇಲೆ ಬಂದ. ಮಾವ ಆಗಲೇ ಅಂಗಿಯ ಗುಂಡಿ ಬಿಚ್ಚುತ್ತಿದ್ದರು.

"ಬೇಡಿ ಮಾವ! ಡಾಕ್ಟರು ಹೇಳಿದ್ದು ಮರೆತ್ರಾ? ಹಾಳಾಗಿ ಹೋಗ್ಲಿ ಈ ಕೆಲಸ."

"ಹೋದ್ರೆ? ನನ್ನ ಮಗಳಿಗೆ ನಿನ್ನ ತೋಳು ಬೇಯಿಸಿ ಹಾಕ್ತೀಯಾ?" ಎಂದರು ಮಾವ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅದರ ತುದಿಯನ್ನು ಅವನ ಕೈಗೆ ತುರುಕಿದರು. "ಅಲ್ಲಾಡಿಸಿದಾಗ ಎಳೆ."

ಅವರು ಎಣ್ಣೆಯಿಲ್ಲದೆಯೇ ಒಳಗೆ ಜಾರಿದರು. ಉಳಿಯ ಕರಕರ ಶುರುವಾಯಿತು. ಆಮೇಲೆ ನಡುನಡುವೆ ಕೆಮ್ಮು. ಆಮೇಲೆ ಬರೀ ಕೆಮ್ಮು. ಹಗ್ಗ ಅಲ್ಲಾಡಿತು.

ಅಳಿಯ ಎಳೆದ. ಜಿಮ್ಮಿನಲ್ಲಿ ಅವನು ದಿನಾ ಎತ್ತುತ್ತಿದ್ದ ಕಬ್ಬಿಣದಷ್ಟೂ ಭಾರವಿರಲಿಲ್ಲ ಮುದುಕರು. ಒಂದೇ ಉಸಿರಿಗೆ ಮೇಲೆ ಬಂದರು, ಮೈಯೆಲ್ಲ ಬಿಳಿ ಧೂಳು, ಕಣ್ಣೆರಡೇ ಕೆಂಪು.

"ಭಲೇ! ಏನ್ ತೋಳಯ್ಯಾ ನಿಂದು!" ಎಂದು ಫೋರ್‌ಮನ್ ಕೆಳಗಿನಿಂದ ಕೂಗಿದ.

ಮಾವನ ಎದೆ ಸಿಳ್ಳೆ ಹೊಡೆಯುತ್ತಿತ್ತು. ಅಳಿಯ ನೀರು ಕುಡಿಸಿದ, ಅರ್ಧ ಚೆಲ್ಲಿತು. ಅವರು ಅವನ ತೋಳು ಹಿಡಿದು ಎದ್ದು ಕೂತರು.

"ಅರ್ಧ ಆಗಿದೆ," ಎಂದರು. "ಇಳಿಸು."

ಅಳಿಯ ಕಾಲು ಅಗಲಿಸಿ ನಿಂತ. ಹಗ್ಗವನ್ನು ಅಂಗೈಗೆ ಸುತ್ತಿಕೊಂಡು, ಮಾವನ ಮೈ ಎಲ್ಲೂ ತಗುಲದಂತೆ, ಒಂದಿಷ್ಟೂ ಜಗ್ಗದಂತೆ, ಮೆಲ್ಲಗೆ ಬಿಡತೊಡಗಿದ.