ಮುನ್ನೂರ ಅರವತ್ತು ಗ್ರಾಂ

ಶ್ವೇತಳ ಪಾದವನ್ನು ನಾನು ಅಳೆದದ್ದು ಒಂದು ಭಾನುವಾರ ಬೆಳಿಗ್ಗೆ, ಜೀವನ್ ಬಿಮಾ ನಗರದ ಅವಳ ಮನೆಯಲ್ಲಿ. ಅವಳು ಸೋಫಾದ ಮೇಲೆ ಕೂತಿದ್ದಳು. ನಾನು ಪಾಠ ಮಾಡುವ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಿಂದ ವರ್ನಿಯರ್ ಕ್ಯಾಲಿಪರ್ ತಂದಿದ್ದೆ. ಅಗಲ ತೊಂಬತ್ತೆಂಟು ಮಿಲಿಮೀಟರ್. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ ಬಂತು.

ಫೆಬ್ರವರಿಯಲ್ಲಿ ಅವಳು ಕಾಶ್ಮೀರಕ್ಕೆ ಹೊರಡುವವಳಿದ್ದಳು. ರೋಪ್‌ವೇ ಇಲ್ಲದ ಕಡೆ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡೇ ಹಿಮದ ಬೆಟ್ಟ ಹತ್ತುವುದು, ಆಮೇಲೆ ಜಾರಿ ಇಳಿಯುವುದು, ಆರು ದಿನ. ಅದಕ್ಕಾಗಿ ಮೂರು ವರ್ಷ ರಜೆ ಕೂಡಿಟ್ಟಿದ್ದಳು. ಎರಡು ಜೊತೆ ಪ್ಲಾಸ್ಟಿಕ್ ಸ್ಕೀ ಬೂಟು ತರಿಸಿದ್ದಳು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸಬೇಕು.

ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿದೆ. ಒಂದು ಬೂಟಿಗೆ ಮುನ್ನೂರ ಅರವತ್ತು ಗ್ರಾಂ ವ್ಯತ್ಯಾಸ. ದಿನಕ್ಕೆ ಎಂಟು ಸಾವಿರ ಹೆಜ್ಜೆ ಎಂದರೆ ಸುಮಾರು ಮೂರು ಟನ್ ಭಾರ ಎತ್ತುವುದು ಉಳಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದೆ. ಹಗುರ ಬೂಟಿನ ಒಳ ಅಗಲ ತೊಂಬತ್ತೊಂಬತ್ತು.

"ಕಿರುಬೆರಳು ಒತ್ತುತ್ತೆ ಕಣೇ ರಿಮ್ಶಾ," ಅಂದಳು ಹಾಕಿ ನೋಡಿ.

"ಹೊಸದಲ್ವಾ? ಎರಡು ದಿನದಲ್ಲಿ ಸೆಟ್ ಆಗುತ್ತೆ."

"ನಿಮ್ಮಪ್ಪನಿಗೆ ಒಂದ್ಸಲ ತೋರಿಸೋಣ್ವಾ?"

ನನ್ನ ಅಬ್ಬಾ ಬಷೀರ್ ಶಿವಾಜಿನಗರದಲ್ಲಿ ನಲವತ್ತು ವರ್ಷದಿಂದ ಬೂಟು ಹೊಲಿಯುತ್ತಾರೆ. ಅವರು ಬೆಳಿಗ್ಗೆ ಯಾರ ಅಳತೆಯನ್ನೂ ತೆಗೆಯುವುದಿಲ್ಲ. ಸಂಜೆಯ ಅಸರ್ ನಮಾಜ್ ಮುಗಿಸಿ ಬಂದ ಮೇಲೆ, ಗಿರಾಕಿಯನ್ನು ಕಾಗದದ ಮೇಲೆ ಒಂಟಿಕಾಲಲ್ಲಿ ನಿಲ್ಲಿಸಿ, ಸುತ್ತ ಪೆನ್ಸಿಲ್ ಎಳೆಯುತ್ತಾರೆ. ಚಿಕ್ಕವಳಿದ್ದಾಗ ಆ ಕಾಗದಗಳ ಹಿಂಬದಿಯಲ್ಲೇ ನಾನು ಲೆಕ್ಕ ಮಾಡುತ್ತಿದ್ದೆ.

"ಅವರಿಗೆ ಪ್ಲಾಸ್ಟಿಕ್ ಬೂಟು ಏನು ಗೊತ್ತು?" ಅಂದೆ. ಭಾರವಾದ ಬೂಟಿನ ಜೋಡಿ ವಾಪಸ್ ಹೋಯಿತು.

ಆರು ದಿನಕ್ಕೆಂದು ಬೆಟ್ಟಕ್ಕೆ ಹೋದ ಶ್ವೇತ ಮೂರನೆಯ ದಿನವೇ ಹಿಂದಿರುಗಿದಳು. ಬಿಗಿದ ಬೂಟಿನೊಳಗೆ ರಕ್ತ ಸರಿಯಾಗಿ ಓಡದೆ ಎಡಗಾಲಿನ ಕಿರುಬೆರಳು ಹಿಮಕ್ಕೆ ಸತ್ತಿತ್ತು. ಮಾರ್ಚಿನಲ್ಲಿ ಅದನ್ನು ತೆಗೆದರು.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರಕ್ಕೆ ನನ್ನ ಹತ್ತಿರ ಅಂಕಿಗಳಿದ್ದವು.

ಮೇ ತಿಂಗಳಲ್ಲಿ ಒಂದು ಸಂಜೆ, ನಾನೂ ಅಲ್ಲಿದ್ದಾಗ, ಅವಳಾಗಿಯೇ ಅಬ್ಬಾರ ಅಂಗಡಿಗೆ ಬಂದಳು. ಆಫೀಸಿಗೆ ಹಾಕಿಕೊಳ್ಳಲು ಒಂದು ಜೊತೆ ಬೂಟು ಬೇಕಿತ್ತು. ಅಬ್ಬಾ ಮೊದಲು ಕಾಗದದ ಮೇಲೆ ಬಲಗಾಲು ಇಡಿಸಿದರು.

"ಪೂರ್ತಿ ಭಾರ ಹಾಕಮ್ಮ. ಬೆಳಗಿನ ಕಾಲು, ಕೂತ ಕಾಲು ಎರಡೂ ಸುಳ್ಳು ಹೇಳುತ್ತೆ."

ಗೆರೆ ಎಳೆದು ಅಳತೆಪಟ್ಟಿ ಇಟ್ಟರು. ಅಗಲ ನೂರ ಮೂರು ಮಿಲಿಮೀಟರ್.

ನಾನು ಆ ಅಂಕಿಯನ್ನೇ ನೋಡುತ್ತಿದ್ದೆ. ಅಬ್ಬಾ ಕನ್ನಡಕ ಸರಿಮಾಡಿಕೊಂಡು, "ಆ ಬೂಟು ನನಗೆ ತೋರಿಸಿದ್ದರೆ ಅದನ್ನ ಹಿಗ್ಗಿಸೋಕೆ ನನ್ನ ಕೈಲೂ ಆಗ್ತಿರಲಿಲ್ಲ, ಬೇಟಾ. ತೆಳ್ಳಗಿರೋ ಪ್ಲಾಸ್ಟಿಕ್ ಹಿಗ್ಗಲ್ಲ, ಒಡೆಯುತ್ತೆ. ಬೇಡ ಅಂತ ಮಾತ್ರ ಹೇಳ್ತಿದ್ದೆ," ಅಂದರು.

"ಬಿಡಿ ಅಂಕಲ್," ಅಂದಳು ಶ್ವೇತ. "ಇವಳಿಗೆ ನನ್ನ ಭಾರ ಕಮ್ಮಿ ಮಾಡಬೇಕಿತ್ತು. ಮಾಡಿದಳು."

ಅವಳೇ ನಕ್ಕಳು. ಅಬ್ಬಾ ನಗಲಿಲ್ಲ.

ಎಡಗಾಲು ಇಡುವಾಗ ಅವಳು ಒಂದು ಕ್ಷಣ ಓಲಾಡಿ ನನ್ನ ಹೆಗಲು ಹಿಡಿದಳು. ಅಬ್ಬಾ ಹಿಮ್ಮಡಿಯಿಂದ ಪೆನ್ಸಿಲ್ ಶುರುಮಾಡಿದರು. ಕಿರುಬೆರಳಿನ ಜಾಗಕ್ಕೆ ಬಂದಾಗ ಅಭ್ಯಾಸದಂತೆ ಅವರ ಕೈ ಹೊರಕ್ಕೆ ತಿರುಗಿತು. ಅಲ್ಲಿ ಏನೂ ಇಲ್ಲದ್ದರಿಂದ ಕಾಗದದ ಮೇಲೆ ಹಾಗೇ ನಿಂತಿತು.