ಹತ್ತರ ಆಚೆಯ ಸದ್ದು

"ಹತ್ತಾದ ಮೇಲೆ ಸದ್ದು ಎಲ್ಲಿಗೆ ಹೋಯ್ತು?"

ಖಾಲಿ ಕೋಣೆಯಲ್ಲಿ ಹೀಗೆ ಕೇಳಿದವಳು ಕಿವಿ ಪರೀಕ್ಷೆ ಮಾಡುವ ಹುಡುಗಿ. ಅವಳ ಕೈಯಲ್ಲಿ ಲೇತ್ ಕೆಲಸದಿಂದ ನಿವೃತ್ತರಾದ ತಾತನ ಚೀಟಿಯಿತ್ತು. ಹೋದ ತಿಂಗಳು ಒಂದಕ್ಕಿಂತ ಒಂದು ಜೋರಾದ ನಾಲ್ಕು ಸದ್ದು ಕೇಳಿಸಿ, ಎಷ್ಟು ಜೋರೆಂದು ಹತ್ತರೊಳಗೆ ಅಂಕ ಕೊಡಿ ಎಂದಿದ್ದಳು. ತಾತ ಕೊಟ್ಟದ್ದು ಐದು, ಹತ್ತು, ಹತ್ತು, ಹತ್ತು. ಅದನ್ನೇ ನಂಬಿ ಶ್ರವಣಯಂತ್ರ ಹೊಂದಿಸಿ ಕಳಿಸಿದ್ದಳು. ಈಗ ಅದನ್ನು ಹಿಂದಿರುಗಿಸಲು ತಾತ ಹೆಂಡತಿಯೊಡನೆ ಬಂದು ಹೊರಗೆ ಕೂತಿದ್ದರು.

ಒಳಗೆ ಬಂದವರೇ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ತಗೊಳ್ಳಮ್ಮ. ಇವಳ ಮಾತು ಕೇಳ್ಸುತ್ತೆ, ಇಲ್ಲ ಅನ್ನಲ್ಲ. ಆದ್ರೆ ತಟ್ಟೆ ಇಟ್ರೆ ತಲೆಗೆ ಸುತ್ತಿಗೆ ಬಿದ್ದಂಗಾಗುತ್ತೆ."

"ನನ್ನ ಮಾತೂ ಹಂಗೇ ಬೀಳುತ್ತೆ ಅಂತ ಹೇಳ್ಬಿಡಿ, ಸಂಕೋಚ ಯಾಕೆ!" ಎಂದು ಅಜ್ಜಿ ಅವರ ಕಿವಿಯ ಬಳಿ ಕೂಗಿದರು. ನಗುತ್ತಲೇ ಕೂಗಿದರೂ ದನಿ ಒಡೆದಿತ್ತು. ಯಂತ್ರ ಡಬ್ಬಿ ಸೇರಿದಂದಿನಿಂದ ಆ ಮನೆಯಲ್ಲಿ ಮಾತೆಂದರೆ ಕೈಸನ್ನೆ.

ಹುಡುಗಿಯೂ ಬಾಗಿ ಕೂಗಿದಳು: "ತಾತ, ಅವತ್ತಿನ ಎರಡನೇ ಸದ್ದು, ಮೂರನೇ ಸದ್ದು ಒಂದೇ ಥರ ಇತ್ತಾ?"

"ಎಲ್ಲಿ ಒಂದೇ? ಮೂರನೇದು ಅದರ ಎರಡರಷ್ಟು. ನಾಲ್ಕನೇದಂತೂ ಕೇಳ್ಲೇಬೇಡ. ನೀನು ಹತ್ತು ದಾಟ್ಬಾರ್ದು ಅಂದೆ, ದಾಟ್ಲಿಲ್ಲ. ಮೂವತ್ತು ವರ್ಷ ಲೇತ್ ಮುಂದೆ ನಿಂತೋನು. ಗೆರೆ ಅಂದ್ರೆ ಗೆರೆ."

ಅವಳ ಮುಖ ಬಿಸಿಯಾಯಿತು. ಕಾಳು ಅಳೆಯುವ ಬಳ್ಳ ತುಂಬಿದ ಮೇಲೆ ಚೆಲ್ಲಿದ್ದನ್ನು ಅವಳು ಅಳೆದೇ ಇರಲಿಲ್ಲ. ರಾಶಿಯೇ ಅಷ್ಟು ಎಂದು ಬರೆದುಕೊಂಡಿದ್ದಳು.

ಕಾಗದದ ಸುರುಳಿ ಬಿಚ್ಚಿ ಪೆನ್ಸಿಲ್ ಕೊಟ್ಟಳು. "ಅಂಕ ಬೇಡ. ಸದ್ದು ಎರಡರಷ್ಟಾದ್ರೆ ಗೆರೆನೂ ಎರಡರಷ್ಟು ಉದ್ದ ಎಳೀರಿ. ಎಲ್ಲಿ ನಿಲ್ಲಿಸ್ಬೇಕೋ ನಿಮ್ಮಿಷ್ಟ."

ಅವೇ ನಾಲ್ಕು ಸದ್ದನ್ನು ಮತ್ತೆ ಕೇಳಿಸಿದಳು. ಮೊದಲ ಗೆರೆ ಅರ್ಧ ಗೇಣು. ಎರಡನೆಯದು ಗೇಣು, ಮೂರನೆಯದು ಮೊಳ. ನಾಲ್ಕನೆಯದಕ್ಕೆ ಕಾಗದ ಸಾಲದೆ ತಾತ ಮೇಜಿಗೆ ದಾಟಿದರು, ಮೇಜು ಮುಗಿದು ಗೋಡೆ ಹತ್ತಿದರು.

"ಅಯ್ಯೋ, ಬೇರೆಯವರ ಗೋಡೆ ರೀ!"

"ಎಳೀಲಿ ಬಿಡಿ ಅಜ್ಜಿ," ಎಂದಳು ಅವಳು. ಟೇಪು ಹಿಡಿದು ನೋಡಿದರೆ ಮೂರು ಮೊಳದ ಮೇಲಿತ್ತು! ಜೋರು ಸದ್ದು ಆ ಕಿವಿಯಲ್ಲಿ ಹೀಗೆ ಬೆಳೆಯುತ್ತಿರುವಾಗ, ಯಂತ್ರ ಅದಕ್ಕೆ ಇನ್ನಷ್ಟು ಬಲ ತುಂಬುತ್ತಿತ್ತು. ಮೆಲುದನಿಗೆ ಕೊಡುವುದನ್ನು ಹಾಗೇ ಬಿಟ್ಟು, ಜೋರು ಸದ್ದಿಗೆ ಕೊಡುವುದನ್ನು ಗೆರೆಗಳನ್ನು ನೋಡುತ್ತ ನೋಡುತ್ತ ಇಳಿಸಿದಳು. ಯಂತ್ರವನ್ನು ತಾತನ ಕಿವಿಗೇರಿಸಿ, ಸ್ಟೀಲ್ ತಟ್ಟೆಯೊಂದನ್ನು ಬೇಕೆಂದೇ ಕೆಳಗೆ ಬೀಳಿಸಿದಳು.

ತಾತ ಕಣ್ಣು ಮಿಟುಕಿಸಿದರು. ಅಷ್ಟೇ.

ಕಿಟಕಿಯ ಬಳಿಯಿದ್ದ ಅಜ್ಜಿ ತಮ್ಮಷ್ಟಕ್ಕೇ ಗೊಣಗಿದರು: "ಅಂಗಿ ಗುಂಡಿ ತಪ್ಪಿಸಿ ಹಾಕ್ಕೊಂಡು ಬಂದಿದಾರೆ, ದೊಡ್ಡ ಮನುಷ್ಯರು."

ತಾತ ತಲೆ ಬಗ್ಗಿಸಿ ಗುಂಡಿ ಸರಿಮಾಡಿಕೊಂಡರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ತಾತ, ನಾಳೆವರೆಗೆ ಯಂತ್ರ ಇಲ್ಲೇ ಬಿಟ್ಟಿರಿ. ಇನ್ನೊಂದ್ಸಲ ನೋಡಿ ಕೊಡ್ತೀನಿ."

ತಾತ ಹೆಂಡತಿಯ ಕಡೆ ನೋಡಿದರು.

"ಕೊಡಲ್ಲ," ಎಂದರು.