ಯತಿರಾಜರ ರಜೆಗೆ ಒಂದು ಸಹಿ

ನನ್ನ ಅಪ್ಪ ತೀರಿಕೊಂಡ ವರ್ಷ, 1999ರಲ್ಲಿ, ಸಹೋದ್ಯೋಗಿ ಯತಿರಾಜ್ ನನಗೆ ಜಾಮೀನು ನಿಂತಿದ್ದರು. ಕೊಲ್ಲಿ ದೇಶದ ನಮ್ಮ ಕಂಪೆನಿಯಲ್ಲಿ ಎಲ್ಲರ ಪಾಸ್‌ಪೋರ್ಟೂ ಆಫೀಸಿನ ಕಪಾಟಿನೊಳಗೆ. ಊರಿಗೆ ಹೋಗುವವರ ಪರವಾಗಿ ಇನ್ನೊಬ್ಬರು ‘ಇವರು ಮರಳಿ ಬರುತ್ತಾರೆ’ ಎಂದು ಸಹಿ ಹಾಕಬೇಕು. ಬಾರದಿದ್ದರೆ ಸಹಿ ಹಾಕಿದವರ ಪಾಸ್‌ಪೋರ್ಟು ಹೊರಬರುವುದಿಲ್ಲ. ಯತಿರಾಜ್ ಫಾರ್ಮು ಓದಲೂ ಇಲ್ಲ, ಸಹಿ ಹಾಕಿದರು. ‘ನಿಮಗೆ ಬೇಕಾದಾಗ ನಾನು ಹಾಕ್ತೇನೆ, ಖಂಡಿತ’ ಎಂದು ಅಳುತ್ತಲೇ ಮಾತು ಕೊಟ್ಟಿದ್ದೆ.

ಅವರು ಕೇಳಿದ್ದು 2006ರ ಫೆಬ್ರವರಿಯಲ್ಲಿ.

“ನನ್ನ ಹೆಂಡ್ತಿ ರಶ್ಮಿತಾಗೆ ಆಪರೇಷನ್ನು, ಮೈಸೂರಲ್ಲಿ. ಹದಿನೈದು ದಿನ ರಜ ಅಷ್ಟೇ. ಒಂದು ಸೈನ್ ಹಾಕ್ಬಿಡಿ, ರೆಜಿನಾ ಅವ್ರೇ.”

“ನಾಳೆ ಹಾಕ್ತೇನೆ ಮಾರಾಯ್ರೆ. ಈಗ ಬಸ್ಸಿಗೆ ಹೊತ್ತಾಯ್ತು.”

ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.

ಹಿಂದಿನ ತಿಂಗಳಷ್ಟೇ ಅವರಿಗೂ ಮ್ಯಾನೇಜರನಿಗೂ ಜಗಳವಾಗಿತ್ತು. ನಡೆಯದ ಸೇಫ್ಟಿ ತರಬೇತಿಗೆ ಹಾಜರಿ ಬರೆಯಲಾರೆ, ಬಲವಂತ ಮಾಡಿದರೆ ಲೇಬರ್ ಕೋರ್ಟಿಗೆ ಹೋಗುತ್ತೇನೆ ಎಂದು ಯತಿರಾಜ್ ಹೇಳಿದ್ದರು. ಫೈಲು ಕದ್ದಿದ್ದೀಯ ಎಂದು ಪೊಲೀಸ್ ಕೇಸು ಹಾಕಿಸುತ್ತೇನೆ ಅಂದಿದ್ದ ಮ್ಯಾನೇಜರ್. ಇಂಥ ಹೊತ್ತಿನಲ್ಲಿ ರಜೆ?

“ಹೋದವ ಪುನಃ ಬರುದುಂಟಾ?” ಎಂದ ನನ್ನ ಗಂಡ ಕಾಸ್ಮಿರ್. “ನೀನಿಲ್ಲಿ ಸಿಕ್ಕಿಹಾಕಿಕೊಂಡ್ರೆ ಎಪ್ರಿಲಲ್ಲಿ ಮೆಲನಿಯನ್ನು ಮಂಗಳೂರಿಗೆ ಕರ್ಕೊಂಡು ಹೋಗುದು ಯಾರು? ನನಗಂತೂ ರಜೆ ಇಲ್ಲ.” ಮಗಳ ಕಾಲೇಜು, ಹಾಸ್ಟೆಲು, ಎಲ್ಲವೂ ಎಪ್ರಿಲಿನಲ್ಲೇ ಆಗಬೇಕಿತ್ತು.

ಮರುದಿನದಿಂದ ನಾನು ಯತಿರಾಜರ ಮೇಲೆ ಕಣ್ಣಿಟ್ಟೆ. ರೈಸ್ ಕುಕ್ಕರನ್ನು ರೂಮಿನಲ್ಲಿ ಜೊತೆಗಿರುವ ಒಸ್ವಾಲ್ಡನಿಗೆ ಕೊಟ್ಟರಂತೆ. ಹದಿನೈದು ದಿನಕ್ಕೆ ಹೋಗುವವರು ಕುಕ್ಕರ್ ಯಾಕೆ ಕೊಡಬೇಕು?

ಕೇಳಿದರೆ, “ಅದು ಕೆಟ್ಟೋಗಿತ್ತು ಕಣ್ರೀ,” ಎಂದು ನಕ್ಕರು. “ನಿಮಗೂ ಒಂದು ಬೇಕಿತ್ತಾ?”

ಆಸ್ಪತ್ರೆಯ ಚೀಟಿ ಕೇಳಿದೆ. ತಂದು ಕೊಟ್ಟರು. ಅದರ ಮೊಹರು ತೀರಾ ಹೊಸದಾಗಿ ಕಂಡಿತು. ಊಟದ ಬಿಡುವಿನಲ್ಲಿ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಹೌದು, ರಶ್ಮಿತಾ ಯತಿರಾಜ್, ಶುಕ್ರವಾರ ಆಪರೇಷನ್, ಯಾರು ಮಾತಾಡುವುದು ಎಂದು ನರ್ಸ್ ಕೇಳಿದಳು. ಫೋನ್ ಇಟ್ಟೆ.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೆಂಡತಿಯ ಕಾಯಿಲೆ ನಿಜವಾದರೆ ಅವಳನ್ನು ಬಿಟ್ಟು, ಪೊಲೀಸ್ ಕೇಸು ಕಾಯುತ್ತಿರುವ ಈ ದೇಶಕ್ಕೆ ಯಾರು ಮರಳಿ ಬರುತ್ತಾರೆ? ಸುಳ್ಳಾಗಿದ್ದರೇ ಬರುತ್ತಿದ್ದರೇನೋ.

ಬುಧವಾರ ಮ್ಯಾನೇಜರ್ ನನ್ನ ಮೇಜಿನ ಬಳಿ ನಿಂತ. ಯತಿರಾಜನಿಗೆ ಜಾಮೀನು ನೀನಂತೆ, ಒಳ್ಳೆಯದು, ನಮಗೂ ಒಂದು ಪಾಸ್‌ಪೋರ್ಟು ಕೈಯಲ್ಲಿದ್ದಂತಾಗುತ್ತದೆ ಎಂದ. ನಗುತ್ತಲೇ ಹೇಳಿದ. ಅವನು ಹೆದರಿಸಿದ್ದೋ, ಬಲೆ ಹಾಕಿದ್ದೋ, ಇವತ್ತಿಗೂ ತಿಳಿಯದು.

ಗುರುವಾರ ಬೆಳಿಗ್ಗೆ ಯತಿರಾಜ್ ಫಾರ್ಮು ತಂದು ಮೇಜಿನ ಮೇಲಿಟ್ಟರು. ಸಂಜೆಗೆ ವಿಮಾನ.

“ಆಸ್ಪತ್ರೆಗೆ ಯಾರೋ ಫೋನ್ ಮಾಡಿ ಇಟ್ಬಿಟ್ರಂತೆ. ನಂಬರಿದ್ದ ಚೀಟಿ ನಾನು ನಿಮ್ಮೊಬ್ರಿಗೇ ಕೊಟ್ಟಿದ್ದು. ಕೇಸಿನವರು ಅಲ್ಲಿಗೂ ಬಂದ್ರು ಅಂತ ರಶ್ಮಿತಾ ಹೆದರ್ಕೊಂಡಿದ್ಲು.”

ನನ್ನ ಮುಖ ಬಿಸಿಯಾಯಿತು. ಆದರೂ ಕೇಳಿದೆ, “ನೀವು ವಾಪಸ್ ಬರ್ತೀರಾ, ಯತಿರಾಜ್?”

“ಬರ್ತೀನಿ ಅಂದ್ರೆ ನಂಬ್ತೀರಾ?”

ನಾನು ಫಾರ್ಮನ್ನು ಅವರತ್ತ ಸರಿಸಿದೆ. ಅವರು ನನಗೆಂದು ಹಿಡಿದಿದ್ದ ಪೆನ್ನನ್ನು ಜೇಬಿಗೆ ಹಾಕಿಕೊಂಡರು. ಬಳಿಕ ಫಾರ್ಮು ಎತ್ತಿಕೊಂಡು, “ಖಲಾಸ್, ಬಿಡಿ” ಎಂದು ಹೋದರು. ಅವರಿಗಾಗಿ ಸಹಿ ಹಾಕುವವರು ಬೇರೆ ಯಾರೂ ಇರಲಿಲ್ಲ. ಶುಕ್ರವಾರದ ಆಪರೇಷನ್ ಅವರಿಲ್ಲದೆ ನಡೆಯಿತು.

ನಾನು ಸಹಿ ಹಾಕಲಿಲ್ಲ.